ಹುಟ್ಟದ ಹೊಗೆಯ ಲೆಕ್ಕ

ಪಶ್ಚಿಮ ಬೆಂಗಳೂರಿನಲ್ಲಿ, ಕಂಠೀರವ ಸ್ಟುಡಿಯೋ ಇರುವ ನಂದಿನಿ ಲೇಔಟಿನ ಯಾವುದಾದರೊಂದು ಮಹಡಿ ಮನೆಯ ತಾರಸಿ ಹತ್ತಿ ಸುತ್ತ ನೋಡಿ. ಮೊದಲು ಕಣ್ಣಿಗೆ ಬೀಳುವುದು ನೀರಿನ ಟ್ಯಾಂಕುಗಳು. ಅವುಗಳ ಪಕ್ಕದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ಕುಳಿತ ಸೋಲಾರ್ ವಾಟರ್ ಹೀಟರುಗಳು. ಈಚಿನ ವರ್ಷಗಳಲ್ಲಿ ಅಲ್ಲಲ್ಲಿ ವಿದ್ಯುತ್ ಉತ್ಪಾದಿಸುವ ನೀಲಿ ಫಲಕಗಳೂ ಬಂದಿವೆ. ಇವೆಲ್ಲ ಸೇರಿ ವರ್ಷಕ್ಕೆ ಎಷ್ಟು ಇಂಗಾಲದ ಡೈಆಕ್ಸೈಡನ್ನು ಉಳಿಸುತ್ತವೆ? ಈ ಪ್ರಶ್ನೆಗೆ ಉತ್ತರ ಹೇಳುವುದು ನೀವು ಅಂದುಕೊಂಡಷ್ಟು ಸುಲಭವಲ್ಲ.

ಕಾರಣ ಸರಳವಾದುದು. ಚಿಮಣಿಯಿಂದ ಹೊರಟ ಹೊಗೆಯನ್ನು ಅಳೆಯಬಹುದು, ನಮ್ಮಂಥವರು ಅದನ್ನು ಕ್ಯಾಮೆರಾದಲ್ಲಿ ಹಿಡಿದು ನಿಮಗೆ ತೋರಿಸಲೂಬಹುದು. ಆದರೆ ಹುಟ್ಟದೇ ಹೋದ ಹೊಗೆಯನ್ನು ಯಾವ ಮಾಪಕವೂ ಅಳೆಯದು. ‘ಉಳಿತಾಯ’ ಎಂಬುದು ಒಂದು ಕಳೆಯುವ ಲೆಕ್ಕ. ನಡೆದದ್ದನ್ನು, ನಡೆಯಬಹುದಾಗಿದ್ದುದರಿಂದ ಕಳೆಯಬೇಕು. ನಡೆಯಬಹುದಾಗಿದ್ದುದು ಯಾವುದು ಎಂದು ಯಾರಾದರೂ ತೀರ್ಮಾನಿಸಲೇಬೇಕು. ಅದನ್ನು ನಾವಿಲ್ಲಿ ‘ಹೋಲಿಕೆಯ ಗೆರೆ’ ಎಂದು ಕರೆಯೋಣ. ಆ ಗೆರೆ ಮೇಲಕ್ಕೆ ಹೋದರೆ ಉಳಿತಾಯ ದೊಡ್ಡದಾಗುತ್ತದೆ, ಕೆಳಕ್ಕೆ ಬಂದರೆ ಚಿಕ್ಕದಾಗುತ್ತದೆ. ಈ ಗೆರೆಯ ಇತಿಹಾಸವನ್ನು ನಮ್ಮ ಕರ್ನಾಟಕದ ವಿದ್ಯುತ್ತಿನ ಕಥೆಯೊಳಗಿಂದಲೇ ನೋಡೋಣ.

ಬಚ್ಚಲುಮನೆಯ ಅಂಕಗಣಿತ

ಮೊದಲು ಒಂದು ಚಿಕ್ಕ ಲೆಕ್ಕ. ನಾಲ್ಕು ಜನರ ಒಂದು ಮನೆ. ದಿನಕ್ಕೆ 100 ಲೀಟರ್ ಸ್ನಾನದ ನೀರು ಬೇಕು. ನಲ್ಲಿ ನೀರು 23 ಡಿಗ್ರಿ, ಮೈಗೆ ಹಿತವಾದ ನೀರು 45 ಡಿಗ್ರಿ ಎಂದಿಟ್ಟುಕೊಳ್ಳಿ. 22 ಡಿಗ್ರಿ ಏರಿಸಲು 2,200 ಕಿಲೋಕ್ಯಾಲೊರಿ ಶಾಖ ಬೇಕು. ಒಂದು ಯೂನಿಟ್ ವಿದ್ಯುತ್ತಿನಲ್ಲಿ ಇರುವುದು 860 ಕಿಲೋಕ್ಯಾಲೊರಿ. ಅಂದರೆ ಎರಡೂವರೆ ಯೂನಿಟ್. ಗೀಸರಿನಿಂದ ಸೋರಿಹೋಗುವ ಶಾಖವನ್ನೂ ಸೇರಿಸಿ ಮೂರು ಎನ್ನೋಣ. ಮಳೆ, ಮೋಡದ ದಿನಗಳನ್ನು ಬಿಟ್ಟು ವರ್ಷಕ್ಕೆ 250 ದಿನ ಬಿಸಿಲು ಕೆಲಸ ಮಾಡಿದರೆ 750 ಯೂನಿಟ್ ಉಳಿಯುತ್ತದೆ.

ಇನ್ನು ಯೂನಿಟ್ಟಿಗೆ ಎಷ್ಟು ಇಂಗಾಲದ ಡೈಆಕ್ಸೈಡ್? ನಿಮ್ಮ ರಸಾಯನಶಾಸ್ತ್ರದ ಪಾಠ ನೆನಪಿಸಿಕೊಳ್ಳಿ. 12 ಗ್ರಾಂ ಇಂಗಾಲ ಪೂರ್ತಿ ಉರಿದರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ನಮ್ಮ ದೇಶದ ವಿದ್ಯುತ್ ಸ್ಥಾವರಗಳಿಗೆ ಬರುವ, ಬೂದಿ ಹೆಚ್ಚಿರುವ ಕಲ್ಲಿದ್ದಲಿನಲ್ಲಿ ಇಂಗಾಲ ಸ್ಥೂಲವಾಗಿ ಶೇಕಡ 40. ಒಂದು ಕಿಲೋ ಉರಿದರೆ ಸುಮಾರು ಒಂದೂವರೆ ಕಿಲೋ ಅನಿಲ. ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕಾಗುವುದರಿಂದ, ಕಲ್ಲಿದ್ದಲಿನ ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕಿಲೋ. ಆದರೆ ದೇಶದ ವಿದ್ಯುತ್ತೆಲ್ಲ ಕಲ್ಲಿದ್ದಲಿನದಲ್ಲ. ನೀರು, ಗಾಳಿ, ಬಿಸಿಲು, ಪರಮಾಣು ಎಲ್ಲವನ್ನೂ ಸೇರಿಸಿದ ಸರಾಸರಿ ಈಚಿನ ವರ್ಷಗಳಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ. 750ನ್ನು 0.7ರಿಂದ ಗುಣಿಸಿದರೆ 525 ಕಿಲೋ, ಅಂದರೆ ಅರ್ಧ ಟನ್ನಿಗೆ ತುಸು ಹೆಚ್ಚು.

ಆದರೆ ಕೇಂದ್ರ ಸರ್ಕಾರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಪ್ರಚಾರ ಪುಸ್ತಿಕೆಗಳಲ್ಲಿ 100 ಲೀಟರಿನ ಹೀಟರು ವರ್ಷಕ್ಕೆ 1,500 ಯೂನಿಟ್ ವಿದ್ಯುತ್ತನ್ನೂ 1.5 ಟನ್ ಇಂಗಾಲದ ಡೈಆಕ್ಸೈಡನ್ನೂ ಉಳಿಸುತ್ತದೆ ಎಂದಿದೆ. ಮೂರು ಪಟ್ಟು ವ್ಯತ್ಯಾಸ! ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ. ನೀರನ್ನು 20ರಿಂದ 60 ಡಿಗ್ರಿಗೆ ಏರಿಸಿ, ವರ್ಷಕ್ಕೆ 300 ದಿನ ಬಳಸಿ, ಯೂನಿಟ್ಟಿಗೆ ಒಂದು ಕಿಲೋ ಎಂದು ಹಿಡಿದರೆ ನಿಮಗೂ ಸುಮಾರು 1.5 ಟನ್ನೇ ಬರುತ್ತದೆ. ಮಾಡಿ ನೋಡಿ.

ಇನ್ನೂ ಒಂದು ಪ್ರಶ್ನೆ ಉಳಿಯಿತು. ಆ ಮನೆಯವರು ಸೋಲಾರ್ ಹಾಕಿಸದಿದ್ದರೆ ಗೀಸರನ್ನೇ ಹಾಕಿಸುತ್ತಿದ್ದರೇ? ಮೊದಲು ಬಚ್ಚಲು ಒಲೆಯ ಹಂಡೆಯಲ್ಲಿ ತೆಂಗಿನ ಗರಿ, ಚಿಪ್ಪು ಉರಿಸಿ ನೀರು ಕಾಯಿಸುತ್ತಿದ್ದ ಮನೆಯಾದರೆ ಲೆಕ್ಕವೇ ಬೇರೆ. ಗ್ಯಾಸ್ ಗೀಸರ್ ಇದ್ದ ಮನೆಯಾದರೆ ಮತ್ತೊಂದು. ಹೀಟರು ಅದೇ, ಬಿಸಿಲು ಅದೇ. ಬದಲಾಗುವುದು ಹೋಲಿಕೆಯ ಗೆರೆ.

ಶಿವನಸಮುದ್ರದಿಂದ ರಾಯಚೂರಿಗೆ

ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರ್ಹೇನಿಯಸ್, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾದೀತೆಂದು ಕೈಲೆಕ್ಕ ಮಾಡಿ ಪ್ರಕಟಿಸಿದ್ದು 1896ರಲ್ಲಿ. ಅದಾಗಿ ಆರು ವರ್ಷಕ್ಕೆ, 1902ರ ಜೂನ್ 30ರಂದು, ಶಿವನಸಮುದ್ರದ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಆ ಬೆಳಕು ಬಂತು. ಗಣಿಗಳಲ್ಲಿ ಅದುವರೆಗೆ ಕೆಲಸ ಮಾಡುತ್ತಿದ್ದುದು ಉಗಿಯಂತ್ರಗಳು. ನವೀಕರಿಸಬಹುದಾದ ಇಂಧನವೊಂದು ಉರಿಯುವ ಇಂಧನದ ಸ್ಥಾನಕ್ಕೆ ಬಂದ ಇಷ್ಟು ದೊಡ್ಡ ಘಟನೆ ನಮ್ಮ ನಾಡಿನಲ್ಲೇ ನಡೆದಿತ್ತು. ಆದರೆ ಆಗ ಯೋಚಿಸಿದ್ದು ಇಂಧನದ ಖರ್ಚನ್ನು. ಹೊಗೆಯ ಲೆಕ್ಕ ಇಡಬೇಕೆಂಬ ಯೋಚನೆ ಬರಲು ಇನ್ನೂ ಬಹುಕಾಲ ಹಿಡಿಯಿತು.

1948ರಲ್ಲಿ ಜೋಗ, 1964ರಲ್ಲಿ ಶರಾವತಿ. ಹೀಗೆ 1985ರವರೆಗೂ ರಾಜ್ಯದೊಳಗೆ ಉತ್ಪಾದನೆಯಾಗುತ್ತಿದ್ದ ವಿದ್ಯುತ್ತು ಬಹುತೇಕ ನೀರಿನದೇ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಿ. 1975ರಲ್ಲಿ ಬೆಂಗಳೂರಿನ ಒಬ್ಬರು ಗೀಸರ್ ಆರಿಸಿದ್ದರೆ ಹೆಚ್ಚಾಗಿ ಉಳಿಯುತ್ತಿದ್ದುದು ಲಿಂಗನಮಕ್ಕಿಯ ನೀರು, ಕಲ್ಲಿದ್ದಲಲ್ಲ. 1985ರಲ್ಲಿ ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ಸ್ಥಾವರದ ಮೊದಲ 210 ಮೆಗಾವಾಟ್ ಘಟಕ ಆರಂಭವಾಯಿತು. ಅಲ್ಲಿಂದಾಚೆಗೆ ಬೆಂಗಳೂರಿನಲ್ಲಿ ಉಳಿದ ಯೂನಿಟ್ಟಿಗೂ ರಾಯಚೂರಿನ ಚಿಮಣಿಗೂ ಸಂಬಂಧ ಬೆಳೆಯಿತು.

ಮುಂದಿನ ತಿರುವು 2013ರ ಡಿಸೆಂಬರ್ 31. ಅಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡು, ಅದುವರೆಗೆ ಪ್ರತ್ಯೇಕವಾಗಿದ್ದ ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದಾಯಿತು. ನಂದಿನಿ ಲೇಔಟಿನಲ್ಲಿ ಈಗ ಉಳಿಯುವ ಒಂದು ಯೂನಿಟ್, ಛತ್ತೀಸಗಡದ ಯಾವುದೋ ಸ್ಥಾವರದಲ್ಲಿ ಉರಿಯಬೇಕಾಗಿದ್ದ ಕಲ್ಲಿದ್ದಲನ್ನೂ ಉಳಿಸಬಹುದು. ತಾರಸಿಯ ಮೇಲಿನ ಹೀಟರು ಕದಲದೆ ಕೂತಿದ್ದರೂ ಅದು ಉಳಿಸುವ ಹೊಗೆ ಮೂರು ಕಾಲದಲ್ಲಿ ಮೂರು ರೀತಿ ಆಯಿತು.

ಒಂದು ರಾಜ್ಯ, ಎರಡು ಭವಿಷ್ಯ

‘ನಡೆಯಬಹುದಾಗಿದ್ದುದು’ ಎಂಬ ಈ ಗೆರೆಯನ್ನೇ ಪ್ರಶ್ನಿಸಿದವರು ನಮ್ಮಲ್ಲೇ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿ ಅವರು ಮೂಲತಃ ವಿದ್ಯುದ್ರಸಾಯನ ವಿಜ್ಞಾನಿ. 1974ರಲ್ಲಿ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದವರು.

1987ರಲ್ಲಿ ರಾಜ್ಯದ ಒಂದು ಸಮಿತಿ, 2000ನೇ ಇಸವಿಯ ಹೊತ್ತಿಗೆ ಕರ್ನಾಟಕಕ್ಕೆ ಎಷ್ಟು ವಿದ್ಯುತ್ ಬೇಕು ಎಂದು ದೀರ್ಘಾವಧಿ ಯೋಜನೆ ಸಿದ್ಧಪಡಿಸಿತು. ಹಿಂದಿನ ಬೇಡಿಕೆಯ ಏರಿಕೆಯನ್ನೇ ಮುಂದಕ್ಕೆ ಎಳೆದು, ಅದನ್ನು ಪೂರೈಸಲು ದೊಡ್ಡ ಸ್ಥಾವರಗಳನ್ನು ಸೂಚಿಸಿತು. ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು ಬೇರೆ ಪ್ರಶ್ನೆ ಕೇಳಿದರು. ಜನರಿಗೆ ಬೇಕಾಗಿರುವುದು ಯೂನಿಟ್ಟೇ, ಅಥವಾ ಯೂನಿಟ್ಟಿನಿಂದ ಸಿಗುವ ಬೆಳಕು, ಬಿಸಿನೀರು, ನೀರೆತ್ತುವ ಶಕ್ತಿಯೇ? ಎಲ್ಲ ಮನೆಗಳಿಗೂ ಬೆಳಕು ಕೊಟ್ಟು, ದಕ್ಷ ದೀಪಗಳನ್ನೂ ದಕ್ಷ ಪಂಪ್‌ಸೆಟ್ಟುಗಳನ್ನೂ ಬಳಸಿ, ವಿದ್ಯುತ್ ಗೀಸರಿನ ಬದಲು ಸೌರ ಹೀಟರುಗಳನ್ನು ಇಟ್ಟು, ಹಳ್ಳಿಗಳ ಹತ್ತಿರವೇ ಸಣ್ಣ ಉತ್ಪಾದನಾ ಕೇಂದ್ರಗಳನ್ನು ಕಟ್ಟಿದರೆ ಎಷ್ಟು ಬೇಕಾದೀತು? 1991ರಲ್ಲಿ ಪ್ರಕಟವಾದ ‘ಡಿಫೆಂಡಸ್’ ಎಂಬ ಆ ಲೆಕ್ಕದ ಪ್ರಕಾರ ಸಮಿತಿ ಹೇಳಿದ ವಿದ್ಯುತ್ತಿನ ಸುಮಾರು ಐದರಲ್ಲಿ ಎರಡು ಭಾಗ ಸಾಕು, ವೆಚ್ಚ ಸುಮಾರು ಮೂರನೇ ಒಂದು ಭಾಗ. ಇಂಗಾಲದ ಡೈಆಕ್ಸೈಡಂತೂ ಅದಕ್ಕಿಂತಲೂ ಬಹಳ ಕಡಿಮೆ.

ಇದರಲ್ಲಿ ನಮಗೆ ಬೇಕಾದ ಪಾಠವೊಂದಿದೆ. ಸಮಿತಿಯ ಯೋಜನೆಯನ್ನು ಹೋಲಿಕೆಯ ಗೆರೆ ಎಂದು ಒಪ್ಪಿಕೊಂಡರೆ, ಅದಕ್ಕಿಂತ ಒಂದಿಷ್ಟು ಕಡಿಮೆ ಸ್ಥಾವರ ಕಟ್ಟಿದ್ದೂ ಭಾರಿ ಉಳಿತಾಯವಾಗಿ ಕಾಣುತ್ತದೆ. ರೆಡ್ಡಿಯವರ ಲೆಕ್ಕವನ್ನು ಗೆರೆ ಎಂದು ಹಿಡಿದರೆ, ಅದೇ ಸ್ಥಾವರಗಳು ಅನಗತ್ಯವಾಗಿ ಹುಟ್ಟಿಸಿದ ಹೊಗೆಯಾಗುತ್ತವೆ. ಭವಿಷ್ಯದ ಬೇಡಿಕೆ ಪ್ರಕೃತಿ ನಿಯಮವಲ್ಲ, ಮನುಷ್ಯರು ಆರಿಸಿಕೊಳ್ಳುವಂಥದು ಎಂಬುದನ್ನು ಆ ಕೆಲಸ ತೋರಿಸಿತು. 2007ರಲ್ಲಿ ರಾಜ್ಯ ಸರ್ಕಾರ ಹೊಸ ಕಟ್ಟಡಗಳಿಗೆ ಸೌರ ಜಲತಾಪಕವನ್ನು ಕಡ್ಡಾಯ ಮಾಡಿದಾಗ, ಆ ಆಯ್ಕೆಯ ಒಂದು ತುಣುಕು ನಮ್ಮ ತಾರಸಿಗಳಿಗೆ ಬಂದು ಸೇರಿತು.

ಉಳಿತಾಯಕ್ಕೆ ಬೆಲೆ ಬಂದಾಗ

1997ರ ಕ್ಯೋಟೊ ಒಪ್ಪಂದ 2005ರಲ್ಲಿ ಜಾರಿಗೆ ಬಂದ ಮೇಲೆ ಹುಟ್ಟದ ಹೊಗೆ ಮಾರಾಟದ ಸರಕಾಯಿತು. ಬಡ ದೇಶವೊಂದರಲ್ಲಿ ಉಳಿಸಿದ ಒಂದು ಟನ್ನನ್ನು ಶ್ರೀಮಂತ ದೇಶ ಹಣ ಕೊಟ್ಟು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದಿತ್ತು. ಆಗ ‘ಈ ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು?’ ಎಂಬ ಪ್ರಶ್ನೆಗೆ ದಾಖಲೆ ಸಹಿತ ಉತ್ತರ ಕೊಡಬೇಕಾಯಿತು.

ಬಾಗೇಪಲ್ಲಿಯ ಉದಾಹರಣೆ ನೋಡಿ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಆ ಭಾಗದಲ್ಲಿ 5,500 ಬಡ ಕುಟುಂಬಗಳಿಗೆ ಎರಡು ಘನಮೀಟರಿನ ಗೋಬರ್ ಗ್ಯಾಸ್ ಘಟಕಗಳನ್ನು ಕಟ್ಟಿಕೊಡುವ ಯೋಜನೆ 2005ರಲ್ಲಿ ನೋಂದಣಿಯಾಯಿತು. ಲೆಕ್ಕದ ಪ್ರಕಾರ ವರ್ಷಕ್ಕೆ ಸುಮಾರು 19,500 ಟನ್ ಉಳಿತಾಯ, ಅಂದರೆ ಮನೆಗೆ ಮೂರೂವರೆ ಟನ್. ಹೋಲಿಕೆಯ ಗೆರೆ ಸೌದೆ ಮತ್ತು ಸೀಮೆಎಣ್ಣೆ. ಕಡಿದಷ್ಟೂ ಮತ್ತೆ ಬೆಳೆಯುವ ಸೌದೆಯನ್ನು ಉರಿಸಿದರೆ ಗಾಳಿಯ ಇಂಗಾಲ ಒಟ್ಟಿನಲ್ಲಿ ಹೆಚ್ಚುವುದಿಲ್ಲ. ಕಾಡು ಬೋಳಾಗುತ್ತಿದ್ದರೆ ಮಾತ್ರ ಹೆಚ್ಚುತ್ತದೆ. ಆದ್ದರಿಂದ ಒಲೆಯ ಸೌದೆ ಎಲ್ಲಿಂದ ಬರುತ್ತಿತ್ತು ಎಂಬುದನ್ನೂ ಲೆಕ್ಕದವರು ನೋಡಬೇಕು. ಇಲ್ಲಿ ಆ ಕುಟುಂಬಗಳಿಗೆ ತಾವಾಗಿ ಘಟಕ ಕಟ್ಟಿಕೊಳ್ಳುವ ಶಕ್ತಿ ಇರಲಿಲ್ಲ ಎಂಬುದು ಸ್ಪಷ್ಟ. ಹೊಗೆಯಿಲ್ಲದ ಅಡುಗೆಮನೆಯಂತೂ ಲೆಕ್ಕದಾಚೆಗಿನ ಲಾಭ.

ಎಲ್ಲ ಯೋಜನೆಗಳೂ ಇಷ್ಟು ನೇರವಾಗಿರಲಿಲ್ಲ. ಹೇಗಿದ್ದರೂ ಲಾಭ ತರುತ್ತಿದ್ದ, ಹೇಗಿದ್ದರೂ ಕಟ್ಟುತ್ತಿದ್ದ ಸ್ಥಾವರಗಳೂ ಉಳಿತಾಯದ ಹೆಸರಲ್ಲಿ ಹಣ ಪಡೆದವು ಎಂಬ ಟೀಕೆ ಲೋಕದಾದ್ಯಂತ ಎದ್ದಿತು. ಐರೋಪ್ಯ ಆಯೋಗಕ್ಕಾಗಿ 2016ರಲ್ಲಿ ನಡೆದ ಒಂದು ಅಧ್ಯಯನ, ತಾನು ಪರಿಶೀಲಿಸಿದ ಯೋಜನೆಗಳಲ್ಲಿ ಶೇಕಡ 85ರಷ್ಟು ನಿಜವಾದ ಹೆಚ್ಚುವರಿ ಉಳಿತಾಯ ತಂದಿರುವ ಸಂಭವ ಕಡಿಮೆ ಎಂದಿತು. ಅಂಥ ಟನ್ನು ಕಾಗದದ ಮೇಲಿರುತ್ತದೆ. ಅದನ್ನು ಕೊಂಡವರು ಅದರ ಬಲದಿಂದ ತಮ್ಮ ನಿಜವಾದ ಚಿಮಣಿಯನ್ನು ಉರಿಸುತ್ತಲೇ ಇರುತ್ತಾರೆ.

ಈ ಕಾಲದಲ್ಲಿ ಆದ ಒಂದು ಒಳ್ಳೆಯ ಕೆಲಸವನ್ನೂ ಹೇಳಬೇಕು. ಕೇಂದ್ರೀಯ ವಿದ್ಯುತ್ ಪ್ರಾಧಿಕಾರ 2006ರಿಂದ ದೇಶದ ಸ್ಥಾವರಗಳು ಯೂನಿಟ್ಟಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ ಎಂಬ ಪಟ್ಟಿಯನ್ನು ಪ್ರಕಟಿಸುತ್ತಾ ಬಂದಿದೆ. ಆರಂಭದಲ್ಲಿ 0.8 ಕಿಲೋಗಿಂತ ತುಸು ಹೆಚ್ಚಿದ್ದ ರಾಷ್ಟ್ರೀಯ ಸರಾಸರಿ ಈಗ 0.7ರ ಆಸುಪಾಸಿಗೆ ಇಳಿದಿದೆ. ನಾವು ಬಚ್ಚಲುಮನೆಯ ಲೆಕ್ಕದಲ್ಲಿ ಬಳಸಿದ್ದು ಈ ಅಂಕಿಯನ್ನೇ. ಒಂದು ವಿಚಿತ್ರ ಗಮನಿಸಿ: ಜಾಲ ಸ್ವಚ್ಛವಾದಷ್ಟೂ ಒಂದು ಸೌರ ಫಲಕದ ‘ಉಳಿತಾಯ’ ಕಡಿಮೆಯಾಗುತ್ತದೆ. ಅದು ಸೋಲಲ್ಲ, ಗೆಲುವಿನ ಗುರುತು.

ಪಾವಗಡದ ಬಿಸಿಲು

ಈಗ ದೊಡ್ಡ ಲೆಕ್ಕ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಬರಕ್ಕೆ ಹೆಸರಾದದ್ದು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹಬ್ಬಿದ ಸೌರ ಉದ್ಯಾನ 2019ರ ಕೊನೆಗೆ 2,050 ಮೆಗಾವಾಟಿನ ಪೂರ್ಣ ಸಾಮರ್ಥ್ಯ ತಲುಪಿತು. ಭೂಮಿಯನ್ನು ಕೊಂಡುಕೊಳ್ಳದೆ, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ರೈತರಿಂದ ಗುತ್ತಿಗೆ ಪಡೆದದ್ದು ಇದರ ವಿಶೇಷ.

2,050 ಮೆಗಾವಾಟ್ ಎಂದರೆ ನಡುಮಧ್ಯಾಹ್ನದ ಶಕ್ತಿ. ರಾತ್ರಿ, ಮೋಡ ಎಲ್ಲವನ್ನೂ ಕಳೆದರೆ ವರ್ಷದ ಸರಾಸರಿ ಅದರ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಶೇಕಡ 22 ಎಂದು ಹಿಡಿದರೆ ವರ್ಷಕ್ಕೆ ಸುಮಾರು 400 ಕೋಟಿ ಯೂನಿಟ್. ಜಾಲದ ಸರಾಸರಿ 0.7ರಿಂದ ಗುಣಿಸಿದರೆ 28 ಲಕ್ಷ ಟನ್. ‘ಬಿಸಿಲು ಬಂದಾಗ ತಗ್ಗಿಸುವುದು ಕಲ್ಲಿದ್ದಲಿನ ಸ್ಥಾವರವನ್ನೇ’ ಎಂದು ವಾದಿಸಿ 0.95ರಿಂದ ಗುಣಿಸಿದರೆ 38 ಲಕ್ಷ ಟನ್. ಒಂದು ಫಲಕವೂ ಹೆಚ್ಚಾಗದೆ 10 ಲಕ್ಷ ಟನ್ ಹೆಚ್ಚಾಯಿತು! ಎರಡು ವಾದಕ್ಕೂ ಆಧಾರವಿದೆ. ಬರೆಯುವವರು ಯಾವುದನ್ನು ಬಳಸಿದೆವು ಎಂದು ಹೇಳಬೇಕು, ಓದುವವರು ಕೇಳಬೇಕು.

ಇನ್ನೊಂದು ಎಚ್ಚರಿಕೆ: ಒಂದೇ ಟನ್ನನ್ನು ಎರಡು ಪುಸ್ತಕದಲ್ಲಿ ಬರೆಯಬಾರದು. ಸೌರ ವಿದ್ಯುತ್ ಮಾರಿದ ಕಂಪನಿ ‘ನಾವು ಉಳಿಸಿದೆವು’ ಎನ್ನುತ್ತದೆ, ಕೊಂಡ ಕಾರ್ಖಾನೆಯೂ ಹಾಗೇ ಎನ್ನುತ್ತದೆ, ರಾಜ್ಯವೂ ದೇಶವೂ ತಮ್ಮ ವರದಿಗಳಲ್ಲಿ ಸೇರಿಸುತ್ತವೆ. ನಾಲ್ವರ ಲೆಕ್ಕವನ್ನು ಕೂಡಿದರೆ ನಾಲ್ಕು ಪಟ್ಟು. ಗಾಳಿಯಲ್ಲಿ ಉಳಿದದ್ದು ಒಂದೇ ಪಟ್ಟು.

ಮಾತು ಕೊಟ್ಟ ದೇಶ

ಇಷ್ಟು ತಿಳಿದ ಮೇಲೆ ದೇಶ ಕೊಟ್ಟ ಮಾತನ್ನು ಓದುವುದು ಸುಲಭ. 2021ರ ನವೆಂಬರ್ 1ರಂದು ಗ್ಲಾಸ್ಗೋ ಸಮ್ಮೇಳನದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಐದು ಸಂಕಲ್ಪಗಳನ್ನು ಪ್ರಕಟಿಸಿದರು. 2030ಕ್ಕೆ ಪಳೆಯುಳಿಕೆ ಇಂಧನದ್ದಲ್ಲದ 500 ಗಿಗಾವಾಟ್ ಸಾಮರ್ಥ್ಯ. ಇಂಧನದ ಅಗತ್ಯದ ಅರ್ಧ ನವೀಕರಿಸಬಹುದಾದ ಮೂಲಗಳಿಂದ. ಅಂದಿನಿಂದ 2030ರವರೆಗಿನ ಅಂದಾಜು ಹೊರಸೂಸುವಿಕೆಯಲ್ಲಿ ನೂರು ಕೋಟಿ ಟನ್ ಕಡಿತ. ಆರ್ಥಿಕತೆಯ ಇಂಗಾಲ ತೀವ್ರತೆಯಲ್ಲಿ ಶೇಕಡ 45ರಷ್ಟು ಇಳಿಕೆ. 2070ಕ್ಕೆ ನಿವ್ವಳ ಶೂನ್ಯ.

ಒಂದೊಂದನ್ನೂ ನಿಮ್ಮ ಲೆಕ್ಕದ ಕಣ್ಣಿನಿಂದ ನೋಡಿ. ‘ಅಂದಾಜು ಹೊರಸೂಸುವಿಕೆಯಲ್ಲಿ ನೂರು ಕೋಟಿ ಟನ್’ ಎಂದಾಗ ಆ ಅಂದಾಜು ಎಂಬುದೇ ಹೋಲಿಕೆಯ ಗೆರೆ. ಅದು ಎಲ್ಲಿದೆ ಎಂದು ತಿಳಿಯದೆ ಕಡಿತವನ್ನು ಪರೀಕ್ಷಿಸಲಾಗದು. 2022ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಲು ಸರ್ಕಾರ ಒಪ್ಪಿದ ಪರಿಷ್ಕೃತ ಪತ್ರದಲ್ಲಿ ಆ ಐದು ಸಂಕಲ್ಪಗಳ ಪೈಕಿ 2030ರ ಅಂಕಿಗಳಾಗಿ ಉಳಿದದ್ದು ಎರಡು: 2005ಕ್ಕೆ ಹೋಲಿಸಿ ತೀವ್ರತೆಯಲ್ಲಿ ಶೇಕಡ 45ರ ಇಳಿಕೆ, ಮತ್ತು ಸ್ಥಾಪಿತ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಪಳೆಯುಳಿಕೆಯಲ್ಲದ ಮೂಲಗಳಿಂದ. ನೂರು ಕೋಟಿ ಟನ್ನಿನ ಅಂಕಿ ಅದರಲ್ಲಿ ಇಲ್ಲ.

ತೀವ್ರತೆ ಎಂದರೆ ಒಂದು ರೂಪಾಯಿಯ ಉತ್ಪಾದನೆಗೆ ಎಷ್ಟು ಹೊಗೆ ಎಂಬುದು. ಆರ್ಥಿಕತೆ ಎರಡು ಪಟ್ಟಾಗಿ ತೀವ್ರತೆ ಶೇಕಡ 45 ಇಳಿದರೆ, 2ನ್ನು 0.55ರಿಂದ ಗುಣಿಸಿ: 1.1. ಒಟ್ಟು ಹೊಗೆ ಇಳಿಯಲಿಲ್ಲ, ಶೇಕಡ 10 ಏರಿತು. ಬಡತನ ಕಳೆದುಕೊಳ್ಳಬೇಕಾದ ದೇಶ ಇಂಥ ಗುರಿ ಇಟ್ಟುಕೊಳ್ಳುವುದಕ್ಕೆ ನ್ಯಾಯವಿದೆ. ಆದರೆ ಅದನ್ನು ‘ಹೊಗೆ 45 ಭಾಗ ಕಡಿಮೆ’ ಎಂದು ಓದಬಾರದು.

ಸಾಮರ್ಥ್ಯದ ಗುರಿಯನ್ನು ದೇಶ 2025ರಲ್ಲೇ, ಐದು ವರ್ಷ ಮೊದಲೇ ಮುಟ್ಟಿತು. ಇದು ನಿಜಕ್ಕೂ ದೊಡ್ಡ ಸಾಧನೆ. ಆದರೆ 2024–25ರಲ್ಲಿ ವಾಸ್ತವವಾಗಿ ಉತ್ಪಾದನೆಯಾದ ಯೂನಿಟ್ಟುಗಳಲ್ಲಿ ಆ ಮೂಲಗಳ ಪಾಲು ಸುಮಾರು ಕಾಲು ಭಾಗ. ಪಾವಗಡದ ಲೆಕ್ಕ ಮಾಡಿದ ನಿಮಗೆ ಕಾರಣ ಗೊತ್ತೇ ಇದೆ. ಮೆಗಾವಾಟ್ ಎಂದರೆ ಪಾತ್ರೆಯ ಗಾತ್ರ, ಯೂನಿಟ್ ಎಂದರೆ ಅದರಿಂದ ಬಡಿಸಿದ ಊಟ.

ಇಷ್ಟು ಕೂದಲು ಸೀಳುವುದೇಕೆ ಎಂದು ನೀವು ಕೇಳಬಹುದು. ಹವಾಯಿಯ ಮೌನಾ ಲೋವಾ ಪರ್ವತದಲ್ಲಿ 1958ರಲ್ಲಿ ಅಳತೆ ಶುರುವಾದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ 315 ಭಾಗವಿತ್ತು. 2024ರಲ್ಲಿ 420ನ್ನೂ ದಾಟಿತ್ತು. ಆ ಉಪಕರಣಕ್ಕೆ ನಮ್ಮ ಹೋಲಿಕೆಯ ಗೆರೆಗಳು ಗೊತ್ತಿಲ್ಲ. ಉಳಿತಾಯವನ್ನು ಕಾಗದದಲ್ಲಿ ಹಿಗ್ಗಿಸಿದರೆ, ಮಾಡಬೇಕಾದ ಕೆಲಸ ಮುಗಿಯಿತೆಂದು ನಂಬಿ ಕುಳಿತುಬಿಡುತ್ತೇವೆ. ಉಳಿತಾಯವೇ ಇಲ್ಲವೆಂದು ಹೀಗಳೆದರೆ, ಪಾವಗಡದ ರೈತರು ಬಿಟ್ಟುಕೊಟ್ಟ ಹೊಲಕ್ಕೂ, ಆ ಹೊಲಗಳಲ್ಲಿ ಕೂಲಿ ಕಳೆದುಕೊಂಡ ಭೂಮಿಯಿಲ್ಲದವರಿಗೂ ನಾವು ಕೊಡಬೇಕಾದ ಉತ್ತರವೇ ಇಲ್ಲದಾಗುತ್ತದೆ. 2070ರಲ್ಲಿ ಈ ಲೆಕ್ಕದ ಫಲ ಉಣ್ಣುವವರು ಇಂದು ಶಾಲೆ ಕಾಲೇಜಿನಲ್ಲಿರುವ ನೀವೇ.

ಕೊನೆಯದಾಗಿ ನಿಮಗೊಂದು ಕೆಲಸ. ಮನೆಯ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳನ್ನು ಸೇರಿಸಿ, ಯೂನಿಟ್ಟುಗಳನ್ನು ಕೂಡಿ, 0.7ರಿಂದ ಗುಣಿಸಿ. ನಿಮ್ಮ ಬೀದಿಯಲ್ಲಿ ಸೋಲಾರ್ ಇರುವ ಹತ್ತು ಮನೆಗಳಿಗೆ ಹೋಗಿ ಮೂರು ಪ್ರಶ್ನೆ ಕೇಳಿ: ಮೊದಲು ನೀರು ಹೇಗೆ ಕಾಯಿಸುತ್ತಿದ್ದಿರಿ? ವರ್ಷದಲ್ಲಿ ಎಷ್ಟು ದಿನ ಸೋಲಾರ್ ನೀರು ಸಾಕಾಗುತ್ತದೆ? ಸಾಲದ ದಿನ ಏನು ಮಾಡುತ್ತೀರಿ? ಉತ್ತರಗಳನ್ನು ಬರೆದುಕೊಂಡು ನಿಮ್ಮದೇ ಅಂದಾಜು ಕಟ್ಟಿ. ಜೊತೆಗೆ ನೀವು ಹಿಡಿದ ಹೋಲಿಕೆಯ ಗೆರೆ ಯಾವುದೆಂದು ಹಾಳೆಯ ಮೊದಲ ಸಾಲಿನಲ್ಲೇ ಬರೆಯಿರಿ.